ಲೋಟಕ್ಕೆ ಅಂಟಿಸಿದ ಹೆಸರು

ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜು ಮಗಳದು, ಅವಳ ಗೆಳೆಯರದು. ದಾಳಗಳು, ಪೆನ್ಸಿಲಿನ ನಕ್ಷೆ, ತಿದ್ದಿ ತಿದ್ದಿ ತೂತಾದ ಹಾಳೆಗಳು. ಒಬ್ಬೊಬ್ಬರೂ ತಾವೇ ಕಟ್ಟಿಕೊಂಡ ಒಂದು ಪಾತ್ರವಾಗಿ, ಮಗಳು ಹೇಳುವ ಕತೆಯೊಳಗೆ ನಡೆಯುತ್ತಾರೆ. ಮುರ್ಮುಗಾಂವ್ ಬಂದರಿನಿಂದ ಹಾರಿಬಂದ ಅದಿರಿನ ಕೆಂಪು ಧೂಳನ್ನು ಕಿಟಕಿಯಿಂದ ಒರೆಸುತ್ತ ನಾನು ಕೇಳಿಸಿಕೊಳ್ಳುತ್ತೇನೆ.

ಆಡುವ ರೀತಿ ನೋಡಿ ಅವರು ಅಡ್ಡಹೆಸರು ಇಟ್ಟುಕೊಂಡಿದ್ದರು. ಮಾತುಮಾತಿಗೂ ನಿಯಮದ ಪುಸ್ತಕ ತೆರೆಯುವವನು ವಕೀಲ. ಎದುರಾದವರನ್ನೆಲ್ಲ ಕಡಿಯುವವನು ಕಟುಕ.

"ಏ ವಕೀಲಾ, ದೆವ್ವ ನಿನ್ನ ಕುತಿಗಿ ಹಿಡದೈತಿ, ಈಗರೆ ಪುಸ್ತಕಾ ಮುಚ್ಚಲೇ!"

"ನೀ ಸುಮ್ಮಿರಲೇ ಕಟುಕಾ. ಚಹಾ ಮಾರಾವನ್ನೂ ಬಿಡ್ಲಿಲ್ಲ ನೀ."

"ಅಂವಾ ನನ್ನ ನೋಡಿ ನಕ್ಕಾ!"

ಮೂರನೆಯವಳು ಬೆಳಗಾವಿಯ ಅರಿವೆ ವ್ಯಾಪಾರಿಗಳ ಮಗಳು. ಸದ್ದಾಗದಿರಲೆಂದು ದಾಳವನ್ನು ಕರವಸ್ತ್ರದ ಮೇಲೆ ಉರುಳಿಸುತ್ತಿದ್ದಳು. ಕುರ್ಚಿಯ ಹಾಗೆ ಸುಮ್ಮನೆ ಕೂತಿರುತ್ತಾಳೆಂದು ಅವಳ ಹೆಸರು ಕುರ್ಚಿ.

"ಕುರ್ಚೀ, ನೀ ಏನ್ ಮಾಡ್ತಿ?"

"ನಾ... ದೀಪಾ ಹಿಡೀತೇನಿ."

ನಮ್ಮ ಕಾನ್ವೆಂಟಿನಲ್ಲಿ ಸುಮ್ಮನಿರುವ ಹುಡುಗಿಗೆ ಬಹುಮಾನ ಕೊಡುತ್ತಿದ್ದರು. ನಾನೇ ಎರಡು ಸಲ ಪಡೆದಿದ್ದೆ. ಆದರೂ ಒಂದು ಭಾನುವಾರ, ಚಹಾದ ಲೋಟಗಳು ಅದಲುಬದಲಾಗುತ್ತವೆಂದು, ಬಿಳಿ ಪಟ್ಟಿ ಅಂಟಿಸಿ ಸಿಸ್ಟರ್‌ಗಳು ಕಲಿಸಿದ ದುಂಡಕ್ಷರದಲ್ಲಿ ಬರೆದೆ: ವಕೀಲ, ಕಟುಕ, ಕುರ್ಚಿ.

"ಕಾಕೂ, ನೀವೂ ಆಟಕ್ಕ ಇಳದ್ರಿ ನೋಡ್ರಿ!" ಎಂದು ಹುಡುಗರು ಚಪ್ಪಾಳೆ ತಟ್ಟಿದರು. ನಾನು ಉಬ್ಬಿದೆ.

ಆ ಹುಡುಗಿ ಅಕ್ಷರ ತನ್ನ ಕಡೆಗೆ ಬರುವಂತೆ ಲೋಟ ತಿರುಗಿಸಿಕೊಂಡು ಪೂರ್ತಿ ಕುಡಿದಳು. ತೊಳೆದು ಬೋರಲು ಹಾಕಿದಳು. ಮುಂದಿನ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಮಕ್ಕಳ ಬಾಯಲ್ಲಿ ಗಾಳಿಯಾಗಿದ್ದ ಮಾತನ್ನು ನಾನು ಬರೆದು ಕೊಟ್ಟಿದ್ದೆ.

ಈ ಆಟದಲ್ಲೊಂದು ಪದ್ಧತಿಯಿದೆ. ಆಡುವವರು ಬಾರದಿದ್ದರೆ ಅವರ ಪಾತ್ರವನ್ನು ಬಿಟ್ಟು ಹೋಗುವುದಿಲ್ಲ, ಕತೆ ಹೇಳುವವರು ನಡೆಸಿಕೊಂಡು ಹೋಗುತ್ತಾರೆ. ಹಾಗಾಗಿ ಪ್ರತಿ ಭಾನುವಾರ ಮಗಳು ಹೇಳುತ್ತಾಳೆ, "ಆಕಿ ಹಿಂದ ಬರಾಕತ್ತಾಳ, ದೀಪಾ ಹಿಡ್ಕೊಂಡು." ಹಾಡುಹಗಲಿನಲ್ಲೇ ನಾನು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.

ಹೋದ ವಾರ ಕಾಯಿಪಲ್ಯೆ ಮಾರ್ಕೆಟ್ಟಿನಲ್ಲಿ ಆ ಹುಡುಗಿ ಸಿಕ್ಕಳು.

"ಆಟದಾಗ ನನ್ನಾಕಿ ಇನ್ನೂ ಅದಾಳೇನ್ರಿ, ಕಾಕೂ?"

"ಅದಾಳವಾ. ನೀ ಬಾ. ಅವತ್ತು ನಾ ಹಂಗ ಬರೀಬಾರದಿತ್ತು, ತಪ್ಪು ನಂದ."

ಅವಳು ಮೆಂತ್ಯದ ಕಟ್ಟಿನ ಮಣ್ಣು ಕೊಡವುತ್ತ ನಿಂತಳು. "ಆಕೀನ್ನ ಸಾಯಿಸಿಬಿಡ್ರಿ ಅಂತ ಹೇಳ್ರಿ ಅವರಿಗೆ. ನಾ ಬರಂಗಿಲ್ಲ."

ಮಗಳಿಗೆ ನಾನು ಅದನ್ನು ಹೇಳಿಲ್ಲ. ಹೇಳಿದರೆ ಹುಡುಗಿ ಬರುವ ದಾರಿ ನನ್ನ ಕೈಯಿಂದಲೇ ಮುಚ್ಚಿದಂತೆ. ಹೇಳದಿದ್ದರೆ, ಬೇಡವೆಂದವಳನ್ನು ಎಳೆದುಕೊಂಡು ತಿರುಗಿದಂತೆ.

ನಿನ್ನೆ ಆಟದಲ್ಲಿ ಹಗ್ಗದ ಸೇತುವೆ ಹರಿದುಬಿತ್ತು. ಹುಡುಗರು ಕಿರುಚಿಕೊಂಡು ಆಚೆ ದಂಡೆ ಸೇರಿದರು. ಹಿಂದೆ ದೀಪ ಹಿಡಿದು ಬರುತ್ತಿದ್ದವಳ ಮಾತು ಯಾರೂ ಎತ್ತಲಿಲ್ಲ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು. "ಆಕಿ ದಾಟಿದಳೇನ?" ಎಂದು ಕೇಳಿಬಿಟ್ಟೆ. ಮಗಳೂ ಇಬ್ಬರು ಹುಡುಗರೂ ತಿರುಗಿ ನನ್ನನ್ನು ನೋಡಿದರು.