ತಾನಾಗಿಯೇ ಬಿಟ್ಟವಳು

ಗಾರ್ಮೆಂಟ್ಸಿನಲ್ಲಿ ಅವಳನ್ನು ಎಲ್ಲರೂ ಕಾಲರಕ್ಕ ಎಂದೇ ಕರೆಯುತ್ತಿದ್ದರು. ಅವಳು ಹೊಲಿದ ಕಾಲರಿನ ಎರಡು ತುದಿಗಳು ಅವಳಿ ಮಕ್ಕಳಂತೆ ಒಂದೇ ಸಮ. ಇಷ್ಟು ಕೆಲಸ ಬಲ್ಲವಳು ಸಂಬಳ ಹೆಚ್ಚಿಸಿ ಎಂದು ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಯಜಮಾನ ಮಿಕ್ಕವರನ್ನೆಲ್ಲ "ಏಯ್" ಎನ್ನುತ್ತಿದ್ದ, ಇವಳನ್ನು ಮಾತ್ರ "ಅಕ್ಕಾ" ಎನ್ನುತ್ತಿದ್ದ. ಈ ಪೆದ್ದಿಗೆ ಅಷ್ಟೇ ಸಾಕಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಅವಳು ಹಟಮಾರಿ. ಕೆಲಸ ಹೋದವರಿಗೆ ಆರು ತಿಂಗಳು ಅರ್ಧ ಸಂಬಳ ಕೊಡುವ ವಿಮೆಗೆ ತಪ್ಪದೆ ಕಟ್ಟುತ್ತಿದ್ದಳು. ಕಣ್ಣು ಮಂಜಾಗಿ ಲಾರಿ ಓಡಿಸುವುದನ್ನು ಬಿಟ್ಟಿದ್ದ ಗಂಡ ಗೊಣಗುತ್ತಿದ್ದ: "ಮಳೇನೇ ಇಲ್ಲ, ಕೊಡೆಗೆ ಬಾಡಿಗೆ ಕಟ್ತೀಯಲ್ಲೇ! ಆ ದುಡ್ಡಲ್ಲಿ ನನಗೊಂದು ಒಳ್ಳೆ ಕನ್ನಡಕನಾದ್ರೂ ಬರ್ತಿತ್ತು."

"ನನ್ನ ಕೆಲಸ ಹೋದ್ರೆ ಮನೆ ಬಾಡಿಗೆ ನಿಮ್ಮಪ್ಪ ಬಂದು ಕಟ್ತಾರಾ?"

ಗುಂಡಿ ಹಾಕುವ ಮಷಿನ್ನಿನ ಹುಡುಗಿಯನ್ನೂ ಅವಳೇ ಬೈದು ವಿಮೆಗೆ ಸೇರಿಸಿದಳು. ಬಾಯಿ ತೆರೆದರೆ ಜಗಳ ಆಡುವ ಆ ಹುಡುಗಿಗೆ ಪಟಾಕಿ ಎಂದೇ ಹೆಸರು.

ಆರ್ಡರ್ ಬರುವುದು ನಿಂತಿತು. ಯಜಮಾನ ಒಬ್ಬೊಬ್ಬರನ್ನೇ ಒಳಗೆ ಕರೆದ. ಪಟಾಕಿಯ ಕೂಗಿಗೆ ಗಾಜಿನ ಬಾಗಿಲೇ ಅದುರಿತು: "ನಾನ್ಯಾಕೆ ಬಿಡ್ತೀನಿ ಅಂತ ಬರೆದುಕೊಡ್ಲಿ? ತೆಗೆಯೋರು ನೀವು, ನೀವೇ ಬರೀರಿ!" ಥೂ, ಎಂಥ ಬಾಯಿ ಎಂದು ಹೊರಗೆ ಕಾಯುತ್ತಿದ್ದ ಕಾಲರಕ್ಕನಿಗೆ ನಾಚಿಕೆಯಾಯಿತು.

ಇವಳ ಸರದಿ ಬಂದಾಗ ಯಜಮಾನ ತಾನೇ ಕುರ್ಚಿ ಎಳೆದು ಕೂರಿಸಿದ. ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

"ನಿಮ್ಮನ್ನ ತೆಗೆದೆ ಅಂತ ಬರೆಯೋಕೆ ಕೈಯೇ ಬರ್ತಿಲ್ಲ ಅಕ್ಕಾ. ಇಷ್ಟು ವರ್ಷ ಮರ್ಯಾದೆಯಿಂದ ಇದ್ರಿ, ಮರ್ಯಾದೆಯಿಂದಲೇ ಹೋಗಿ. ನೀವಾಗೇ ಬಿಟ್ರಿ ಅಂತ ಇರಲಿ."

ಅವಳ ಕಣ್ಣು ತುಂಬಿ ಬಂತು. ಸಹಿ ಹಾಕಿದಳು.

ವಿಮೆ ಕಚೇರಿಯ ಗುಮಾಸ್ತ ಕಾಗದ ನೋಡಿ, "ತಾವಾಗೇ ಬಿಟ್ಟವರಿಗೆ ಬರಲ್ಲಮ್ಮ, ಕೆಲಸದಿಂದ ತೆಗೆದ್ರೆ ಮಾತ್ರ" ಎಂದ.

"ಅವರೇ ಬರೆಸಿಕೊಂಡ್ರು ಸ್ವಾಮಿ."

"ತೆಗೆದಿದ್ರೆ ಅವರೂ ಪರಿಹಾರ ಕೊಡ್ಬೇಕಿತ್ತಲ್ಲ, ಅದಕ್ಕೇ ಬರೆಸ್ಕೋತಾರೆ. ಸಹಿ ನಿಮ್ಮದೇ ತಾನೆ?"

ಬೆಣ್ಣೆಯಿಂದ ಕೂದಲು ತೆಗೆದಂತೆ ಯಜಮಾನ ಅವಳನ್ನು ತೆಗೆದಿದ್ದ, ಅಕ್ಕಾ ಅನ್ನುತ್ತಲೇ.

ಮುಂದಿನ ತಿಂಗಳು ಪಟಾಕಿ ಮನೆಗೆ ಬಂದು ತಬ್ಬಿಕೊಂಡಳು. "ವಿಮೆ ದುಡ್ಡು ಬಂತು ಕಣಕ್ಕಾ. ನೀನು ಬೈದು ಸೇರಿಸದಿದ್ರೆ ಬೀದಿಗೆ ಬೀಳ್ತಿದ್ದೆ!" ಕಾಲರಕ್ಕ ನಗಲು ನೋಡಿದಳು. ಹೊಟ್ಟೆ ಉರಿಯುತ್ತಿತ್ತು, ಆ ಹುಡುಗಿಯ ಮೇಲಲ್ಲ, ತನ್ನ ಮೇಲೆಯೇ. ಈಗಲಾದರೂ ಗಂಡ ಅಣಕಿಸುತ್ತಾನೆಂದು ಕಾದಳು. ಅವನು "ಚಿಕ್ಕದೊಂದು ಮನೆ ನೋಡೋಣ" ಎಂದಷ್ಟೇ ಹೇಳಿದ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಮನೆ ಖಾಲಿ ಮಾಡಿದ ದಿನ ಕೈಗಾಡಿಯಿಂದ ಬೀಳುತ್ತಿದ್ದ ಹಾಸಿಗೆ ಸುರುಳಿಯನ್ನು ಒತ್ತಿ ಹಿಡಿದು ನಡೆಯುತ್ತಿದ್ದಾಗ ಪಕ್ಕದಲ್ಲಿ ಯಜಮಾನನ ಕಾರು ನಿಂತಿತು. ಗಾಜು ಇಳಿಯಿತು.

"ಅಕ್ಕಾ, ಚೆನ್ನಾಗಿದ್ದೀರಾ?"

ಆ ಮುಖ ಕಂಡರೆ ಬೈಯಬೇಕೆಂದು ಅವಳು ಎಂತೆಂಥ ಮಾತು ಕೂಡಿಟ್ಟಿದ್ದಳು! ಪಟಾಕಿಯನ್ನು ಕೇಳಿ ಕಲಿತ ಮಾತುಗಳೂ ಅದರಲ್ಲಿದ್ದವು.

"ಚೆನ್ನಾಗಿದ್ದೀನಿ ಸರ್" ಎಂದಳು.