ಸಿಲೋನಕ್ಕನ ನೀಲಿ ಹಕ್ಕಿ

ಮೊನ್ನೆ ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತ ಜೀಪಿನಿಂದ ಹೊಗೆಗೂಡಿನಲ್ಲಿ ಒಣಗಿಸಿದ ರಬ್ಬರ್ ಶೀಟಿನ ಹೊಗೆವಾಸನೆ ಬಂತು. ಉಳಿದವರು ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಹತ್ತಿರ ಹೋಗಿ ನಿಂತೆ. ಸಿಲೋನಕ್ಕನ ಸೀರೆಗೆ ಇದೇ ವಾಸನೆ ಇತ್ತು...

ಲಾಯಿಲದಲ್ಲಿ ನಮ್ಮ ಬೇಲಿಯಾಚೆ ರಬ್ಬರ್ ತೋಟ, ಅದರ ತುದಿಗೆ ಮರದ ಹಾಲು ಇಳಿಸುವ ಟ್ಯಾಪಿಂಗ್‌ನವರ ಮನೆಗಳು. ಸಿಲೋನಕ್ಕ ಇದ್ದದ್ದು ಅಲ್ಲಿ. ಹುಟ್ಟಿದ್ದು ಲಂಕೆಯ ಚಹಾ ತೋಟದಲ್ಲಿ. ಲಂಕೆಯ ಮತ್ತು ನಮ್ಮ ಸರ್ಕಾರಗಳು ಕೂತು ತೋಟದ ತಮಿಳರನ್ನು ಹಂಚಿಕೊಂಡಾಗ ಅಪ್ಪ ಅಮ್ಮನ ಜೊತೆ ಇವರು ಹಡಗು ಹತ್ತಿ ಈಚೆ ಬಂದರು. ಮದುವೆಯಾಗಿದ್ದ ಅಕ್ಕ ಆಚೆಯೇ ಉಳಿದಳು. ಆಮೇಲೆ ಅಲ್ಲಿ ಗಲಭೆ, ಅಕ್ಕನ ಸುದ್ದಿಯೇ ಇಲ್ಲ. ಅವಳ ಮುಖವೂ ಮರೆತುಹೋಯಿತು ಎನ್ನುತ್ತಿದ್ದರು. ಆದರೆ ಅವಳು ದಿನಾ ಬೆಳಿಗ್ಗೆ ಪಪ್ಪಾಯಿ ಹೋಳು ಇಟ್ಟು ಕರೆಯುತ್ತಿದ್ದ ಕಾಡುಹಕ್ಕಿ ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ನೀಲಿ ಮೈ, ಕಂದು ತಲೆ, ಕೆಂಪು ಕೊಕ್ಕು, ಕೆಂಪು ಕಾಲು. ಅದನ್ನು ಒಮ್ಮೆ ನೋಡಿದರೆ ಅಕ್ಕನ ಮುಖ ನೆನಪಾದೀತು ಎಂದು ನಂಬಿದ್ದರು.

ರಬ್ಬರ್ ಎಲೆ ಉದುರಿ ಟ್ಯಾಪಿಂಗ್ ನಿಂತಾಗ ಉಳಿದವರು ನೆಂಟರ ಮನೆಗೆ ಹೋದರೆ ಇವರು ಆ ಹಕ್ಕಿಯನ್ನು ಹುಡುಕಿ ಚಾರ್ಮಾಡಿ ಘಾಟಿಯ ಬಸ್ಸು ಹತ್ತುತ್ತಿದ್ದರು. ಕೆಲವು ವರ್ಷ ನಾನೂ ಹೋಗಿದ್ದೆ. ರಬ್ಬರ್ ಹಾಲಿಗೆ ಕಟ್ಟುವ ಹಾಗೆಯೇ ಕಾಡಂಚಿನ ಮರಕ್ಕೆ ತಂತಿ ಸುತ್ತಿ, ತೆಂಗಿನ ಗೆರಟೆ ಸಿಕ್ಕಿಸಿ, ಅದರಲ್ಲಿ ಪಪ್ಪಾಯಿ ಇಟ್ಟು ಕೂರುವುದು. ಪಿಕಳಾರ ಬರುತ್ತಿತ್ತು, ಮಂಗ ಬರುತ್ತಿತ್ತು...

"ಕಾಡು ಅದೇ ಅಲ್ವಾ ತಂಗಿ? ಮಳೆ ಅದೇ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಅದೇ. ಹಕ್ಕಿ ಮಾತ್ರ ಎಲ್ಲಿಗೆ ಹೋಗ್ತದೆ? ಬರುವ ವರ್ಷ ನೋಡುವ."

ಒಂದು ವರ್ಷ ಅಲ್ಲಿ ದೊಡ್ಡ ಕ್ಯಾಮರಾದವನೊಬ್ಬ ಸಿಕ್ಕಿದ. ಇವರು ಬಣ್ಣ ಹೇಳಿ ಮುಗಿಸುವ ಮೊದಲೇ ನಕ್ಕುಬಿಟ್ಟ.

"ಅದು ಇಲ್ಲಿ ಎಲ್ಲಿ ಉಂಟಮ್ಮ? ಲಂಕೆ ಬಿಟ್ಟರೆ ಪ್ರಪಂಚದಲ್ಲೇ ಬೇರೆಲ್ಲೂ ಇಲ್ಲ."

ನಿಜವನ್ನೇ ಹೇಳಿದ, ಪುಣ್ಯಾತ್ಮ. ನೋಡಿದ ಹಾಗೆ ಉಂಟು ಎಂದಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು? ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು.

ವಾಪಸು ಬರುವಾಗ ಬಸ್ಸಿನಲ್ಲಿ ಸಿಲೋನಕ್ಕ ಆಡಿದ್ದು ಒಂದೇ ಮಾತು. "ಅದನ್ನು ಯಾರೂ ಹಡಗು ಹತ್ತಿಸ್ಲಿಲ್ಲ ನೋಡು."

ಮುಂದಿನ ಸಲ ಎಲೆ ಉದುರಿದಾಗ ಅವರು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. "ಹೋಗುವ ಅಕ್ಕ, ತಿರುಗಾಡಿ ಬರುವ" ಎಂದೆ. ಬೇಡವೆಂದು ಕೈಯಾಡಿಸಿದರು. ಆ ಮಳೆಗಾಲ ದಾಟಲಿಲ್ಲ. ಡಾಕ್ಟರರು ಏನೋ ಕಾಯಿಲೆಯ ಹೆಸರು ಹೇಳಿದರು, ನಾನು ನಂಬಲಿಲ್ಲ.

ಮೊನ್ನೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಆ ಹಕ್ಕಿಯ ಪಟ ಹುಡುಕಿದೆ. ಎಷ್ಟು ಸುಲಭಕ್ಕೆ ಸಿಕ್ಕಿತು! ನೀಲಿ ಮೈ, ಕೆಂಪು ಕೊಕ್ಕು... ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನೇ ನೋಡುತ್ತಾ ಸಿಲೋನಕ್ಕನ ಮುಖವನ್ನು ನೆನಪಿಸಿಕೊಳ್ಳಲು ಕೂತೆ. ಸೀರೆಯ ಹೊಗೆವಾಸನೆ ಬಂತು, ಸ್ವರ ಬಂತು. ಲಾಯಿಲದಲ್ಲಿ ಇಳಿಯುವವರೆಗೂ ನೋಡಿದೆ. ಮುಖ ಬರಲಿಲ್ಲ.