ಸೋಸಿದ ನೀರು

ಬೆಳಿಗ್ಗೆ ಹೆಣ್ಣುಮಗಳೊಬ್ಬಳು ನನ್ನ ಮೇಜಿನ ಮೇಲೆ ಬಾಟಲಿ ಇಟ್ಟು, "ಜುಗೂಳದ ಬಾವಿ ನೀರ್ರಿ. ಸೋಸಿಲ್ಲ ಮತ್ತ. ನಾ ಪದ್ಮಕ್ಕನ ಮಗಳ" ಅಂದಳು. ಚೀಟಿ ಬರೆಯುತ್ತಿದ್ದ ನಾನು ತಲೆ ಎತ್ತಿದೆ.

ಕಾಗವಾಡದ ನಮ್ಮ ಪ್ರಯೋಗಾಲಯವನ್ನು ದೊಡ್ಡದೆಂದು ತಿಳಿಯಬೇಡಿ. ಎರಡು ಕೋಣೆ, ಒಬ್ಬ ಮಾಲೀಕರು, ಒಬ್ಬ ನಾನು. ನೀರಿನ ಕೊಳೆ ಸುಡಲು ಎಷ್ಟು ಆಮ್ಲಜನಕ ಬೇಕೆಂದು ಅಳೆಯುವ ಸಿಒಡಿ ಪರೀಕ್ಷೆಯೇ ನನ್ನ ಅನ್ನ. ಕಿತ್ತಳೆ ಬಣ್ಣದ ಔಷಧಿ, ಆಸಿಡ್ ಹಾಕಿ ಎರಡು ತಾಸು ಕುದಿಸಬೇಕು; ಕೊಳೆ ಹೆಚ್ಚಿದ್ದರೆ ಕಿತ್ತಳೆ ಹಸಿರಾಗುತ್ತದೆ.

ವರ್ಷಗಳ ಹಿಂದೆ ಪದ್ಮಕ್ಕ ಬಂದಿದ್ದರು. "ಬಾವಿ ಬಾಜೂಕ ಕಾರ್ಖಾನಿ ನೀರ ಹರೀತೈತ್ರಿ. ನಾವೇನ ಸೋಸಿ ಕುಡೀತೀವಿ. ಎಮ್ಮಿಗೆ ಸೋಸದ ಹಂಗ ಹಾಕ್ತೀವಿ, ನಡೀತೈತೇನ?" ಜೈನರ ಮನೆಯಲ್ಲಿ ಸೋಸದ ನೀರು ಒಲೆ ಏರುವುದಿಲ್ಲವೆಂದು ಈ ಕಡೆ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ, ಕೇಳುವವರು ಸಿಕ್ಕ ಹುರುಪಿನಲ್ಲಿ, ಆಸಿಡ್ಡು, ಕುದಿತ ಎಲ್ಲ ಬಣ್ಣಿಸಿದೆ. "ಕುದಸ್ತೀರಿ?" ಎಂದು ಅವರು ಮುಖ ಸಣ್ಣದು ಮಾಡಿದರು.

ಮರುದಿನ ಅವರು ತಂದ ನೀರು ತಿಳಿಯಾಗಿತ್ತು. ನೀರನ್ನು ಹೇಗೆ ತುಂಬಿದರೆಂದು ಕೇಳಿ ಬರೆಯುವ ಕಾಲಂ ಒಂದಿದೆ. ಕೇಳದೆಯೇ 'ನೇರ ಬಾವಿಯಿಂದ' ಎಂದು ಗೀಚಿದೆ. ಕಿತ್ತಳೆ ಕಿತ್ತಳೆಯಾಗಿಯೇ ಉಳಿಯಿತು. "ಕುಡಸ್ರಿ, ಏನೂ ಆಗಂಗಿಲ್ಲ" ಎಂದು ಡಾಕ್ಟರನ ಗತ್ತಿನಲ್ಲಿ ಹೇಳಿ ಕಳಿಸಿದೆ.

ತಿಂಗಳೊಳಗೆ ಎಮ್ಮೆ ಸತ್ತಿತು, ಗಬ್ಬದ ಎಮ್ಮೆ. ನಾನೇ ಹೋಗಿ ಆ ಬಾವಿಯ ನೀರು ತಂದು ಕುದಿಸಿದೆ. ಹಸಿರು! ಪದ್ಮಕ್ಕ ಹೇಳಿದರು: "ನೀರಾಗಿನ ಜೀವಾ ನಿಮ್ಮ ಆಸಿಡ್ನ್ಯಾಗ ಬೇಯಬಾರದಂತ ನಾನ ಸೋಸಿ ತಂದಿದ್ನಿರಿ. ತಪ್ಪ ನಂದ." ಕೊಳೆಯೆಲ್ಲ ಅವರು ಸೋಸಿದ ಬಟ್ಟೆಯಲ್ಲೇ ಉಳಿದಿತ್ತು. ಕೇಳಬೇಕಾದವನು ನಾನು ಎಂಬ ಮಾತು ಗಂಟಲವರೆಗೆ ಬಂತು. ಮಾಲೀಕರ ಕಿವಿಗೆ ಬಿದ್ದರೆ ನೌಕರಿ ಹೋದೀತೆಂದು ನುಂಗಿಕೊಂಡೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.

"ಅವ್ವ ಆರಾಮ ಅದಾರೇನವಾ?" ಮಗಳನ್ನು ಕೇಳಿದೆ.

"ತೀರಿ ಹೋಗಿ ಎರಡ ತಿಂಗಳಾತ್ರಿ. ಎಮ್ಮಿ ಸತ್ತಾಗಿಂದ ಹಾಲು ಮೊಸರು ತ್ಯಾಗ ಮಾಡಿದ್ಲು, ತನ್ನ ಪಾಪ ಅಂತ. ಹಾಸಿಗಿ ಹಿಡದಾಗ ಡಾಕ್ಟರ ಹೇಳಿದ್ರೂ ಒಂದ ಗುಟಕ ಮುಟ್ಟಲಿಲ್ಲ."

ಇನ್ನು ನುಂಗಲು ಆಗಲಿಲ್ಲ. "ತಪ್ಪ ನಿಮ್ಮವ್ವಂದಲ್ಲವಾ. ಹೆಂಗ ತುಂಬಿ ತಂದ್ರಿ ಅಂತ ನಾ ಕೇಳಬೇಕಾಗಿತ್ತು. ಕೇಳದ ಬರದ್ನಿ."

ಅವಳು ಬಾಟಲಿಯನ್ನು ನನ್ನ ಕಡೆ ಸರಿಸಿದಳು.

"ಇದನ್ನ ಅವ್ವಗ ಹೇಳಬೇಕಾಗಿತ್ರಿ" ಎಂದಳು.